ದೊಡ್ಡ ನಾಯಿಯ ಮಂಚ: ನಾಪೋಕ್ಲಿನ ಎರಡು ಮಳೆಗಾಲಗಳ ಬಳಕೆಯ ನಂತರ

ಕೊಡಗಿನ ನಾಪೋಕ್ಲು ಕಡೆಯ ನಮ್ಮ ಕಾಫಿ ತೋಟದ ಮನೆಯಲ್ಲಿ ಕಾಳ ಎಂಬ ಆರು ವರ್ಷದ ನಾಯಿಯಿದ್ದಾನೆ. ತಾಯಿ ಗ್ರೇಟ್ ಡೇನ್. ತಂದೆ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲೇ ಬೆಳೆದ, ಮುಧೋಳದ ನಾಯಿಗಳ ಹಾಗೆ ಸಪೂರ ಸೊಂಟದ ಬೆರಕೆ ನಾಯಿ. ಕಳೆದ ಕೊಯ್ಲಿನಲ್ಲಿ ಕಾಫಿ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದಾಗ ಅವನು 61 ಕಿಲೋ ತೂಗಿದ, ಅಂದರೆ 50 ಕಿಲೋದ ಒಂದು ಚೆರ್ರಿ ಚೀಲಕ್ಕಿಂತ ಹೆಚ್ಚು. ಚಿರತೆಯ ಭಯವಿರುವುದರಿಂದ ರಾತ್ರಿ ಅವನನ್ನು ಹೊರಗೆ ಬಿಡುವಂತಿಲ್ಲ. ಆದ್ದರಿಂದ ಅವನಿಗೆ ಮನೆಯೊಳಗೆ ಮಲಗಲು ಏನು ಹಾಸಬೇಕು ಎಂಬುದು ನಮ್ಮನ್ನು ಹಲವು ವರ್ಷ ಕಾಡಿತು. ಆನ್‌ಲೈನಿನಲ್ಲಿ 3,800 ರೂಪಾಯಿ ಕೊಟ್ಟು ತರಿಸಿದ, ಕಬ್ಬಿಣದ ಚೌಕಟ್ಟಿಗೆ ಜಾಲರಿ ಬಟ್ಟೆ ಬಿಗಿದ ನಾಯಿ ಮಂಚವೊಂದನ್ನು ಎರಡು ಮಳೆಗಾಲ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮಂಚದ ಅಗತ್ಯ ನನಗೆ ಮನದಟ್ಟಾದದ್ದು ಕಾಳನ ಮೊಣಕೈಯಿಂದ. ನಮ್ಮದು ಹಳೆಯ ಕೆಂಪು ಗಾರೆಯ ನೆಲ. ಬೇಸಿಗೆಯಲ್ಲಿ ಹಿತವಾಗಿರುತ್ತದೆ, ಜುಲೈ-ಆಗಸ್ಟಿನ ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಬೆವರುತ್ತದೆ. ಇಷ್ಟು ಭಾರದ ನಾಯಿ ಮಲಗುವಾಗ ಮೊಣಕೈಯನ್ನು ನೆಲಕ್ಕೆ ಕುಕ್ಕಿಯೇ ಕೆಳಗಿಳಿಯುತ್ತದೆ. ಮೊದಲು ಅಲ್ಲಿ ಕೂದಲು ಉದುರಿ ಚರ್ಮ ಜಡ್ಡುಗಟ್ಟಿತು, ಬಳಿಕ ಒಳಗೆ ನೀರು ತುಂಬಿ ನಿಂಬೆಹಣ್ಣಿನ ಗಾತ್ರದ ಊತ ಬಂದಿತು. ಪಶುವೈದ್ಯರು ಅದನ್ನು ಚುಚ್ಚಿ ನೀರು ತೆಗೆಯಲು ಒಪ್ಪಲಿಲ್ಲ. ಸೋಂಕು ತಗಲುವ ಅಪಾಯವಿದೆ, ಗಟ್ಟಿ ನೆಲವನ್ನು ತಪ್ಪಿಸಿದರೆ ಊತ ತಾನಾಗಿಯೇ ಇಳಿಯಬಹುದು ಎಂದರು. ನಾವು ದಪ್ಪ ಫೋಮಿನ ಹಾಸಿಗೆಯನ್ನು ತಂದೆವು. ಜೂನ್ ತಿಂಗಳಲ್ಲಿ ಒದ್ದೆಯಾದ ಆ ಹಾಸಿಗೆ ಸೆಪ್ಟೆಂಬರಿನವರೆಗೂ ಒಣಗಲಿಲ್ಲ. ಒಲೆಯ ಬಳಿ ನಿಲ್ಲಿಸಿದರೂ ಒಳಗಿನ ತೇವ ಹೋಗದೆ ಬೂಸಲು ಬಂದಿತು, ಕಾಳನ ಹೊಟ್ಟೆಯ ಅಡಿಯ ಚರ್ಮ ಕೆಂಪಾಗಿ ನವೆಯೆದ್ದಿತು. ನಮ್ಮ ಮಳೆಯಲ್ಲಿ ದೊಡ್ಡ ನಾಯಿಯ ಹಾಸಿಗೆ ಮೆತ್ತಗಿರುವುದಕ್ಕಿಂತ ಮೊದಲು ಒಣಗುವಂತಿರಬೇಕು ಎಂಬುದು ಆಗ ತಿಳಿಯಿತು.

ಈ ವಿಷಯದಲ್ಲಿ ಮಂಚಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಪಿವಿಸಿ ಲೇಪಿಸಿದ ಪಾಲಿಯೆಸ್ಟರ್ ಜಾಲರಿ ನೀರನ್ನು ಹೀರುವುದಿಲ್ಲ. ತೋಟ ಸುತ್ತಿ ಬಂದ ನಾಯಿಯ ಮೈಯಿಂದ ಇಳಿದ ನೀರು ಕೆಳಗೆ ತೊಟ್ಟಿಕ್ಕುತ್ತದೆ, ಅಡಿಯಲ್ಲಿ ಎಂಟು ಅಂಗುಲ ಜಾಗವಿರುವುದರಿಂದ ಗಾಳಿಯಾಡಿ ಒಂದೆರಡು ಗಂಟೆಗಳಲ್ಲಿ ಬಟ್ಟೆ ಒಣಗುತ್ತದೆ. ಜಿಗಣೆ ಕಚ್ಚಿದ ಜಾಗದಿಂದ ರಕ್ತ ಹೆಪ್ಪುಗಟ್ಟದೆ ಬಹಳ ಹೊತ್ತು ಒಸರುತ್ತಿರುತ್ತದೆ ಎಂಬುದು ಕೊಡಗಿನಲ್ಲಿ ನಾಯಿ ಸಾಕಿದವರಿಗೆಲ್ಲ ಗೊತ್ತು. ಆ ಕಲೆಗಳೂ ಕೆಂಪು ಮಣ್ಣೂ ಪೈಪಿನ ನೀರಿಗೆ ಬಿಟ್ಟುಹೋಗುತ್ತವೆ. ಮೊಣಕೈಯ ಊತ ಮೂರು ತಿಂಗಳಲ್ಲಿ ಬಹುತೇಕ ಇಳಿಯಿತು. ಜಡ್ಡು ಹಾಗೆಯೇ ಉಳಿದಿದೆ.

ಆದರೆ ಮಂಚವನ್ನು ರೂಪಿಸಿದವರು ನಿಜವಾಗಿ ದೊಡ್ಡದಾದ ನಾಯಿಯೊಂದನ್ನು ಅದರ ಮೇಲೆ ಮಲಗಿಸಿ ನೋಡಿರಲಿಕ್ಕಿಲ್ಲ. ವಿವರಣೆಯಲ್ಲಿ 70 ಕಿಲೋ ತಡೆಯುತ್ತದೆ ಎಂದಿತ್ತು. ಆ ಭಾರವು ಇಡೀ ಬಟ್ಟೆಯ ಮೇಲೆ ಸಮನಾಗಿ ಹರಡಿದರೆ ತಡೆಯುತ್ತದೆ, ನಿಜ. ನಾಯಿ ಹಾಗೆ ಹತ್ತುವುದಿಲ್ಲ. ಮುಂಗಾಲುಗಳನ್ನು ಒಂದೇ ಅಂಚಿಗೆ ಊರಿ, ಅರ್ಧಕ್ಕಿಂತ ಹೆಚ್ಚು ತೂಕವನ್ನು ಒಂದೇ ಕೊಳವೆಯ ಮೇಲೆ ಹೇರಿ, ಆಮೇಲೆ ಹಿಂಭಾಗವನ್ನು ಎಳೆದುಕೊಳ್ಳುತ್ತದೆ. ಐದನೆಯ ವಾರದಲ್ಲಿ ಮೂಲೆಯ ಬೋಲ್ಟ್ ಸಡಿಲಾಗಿ ಒಂದು ಕಾಲು ವಾಲಿತು, ಕಾಳ ಜಾರಿ ಬಿದ್ದ. ಪೆಟ್ಟಾಗಲಿಲ್ಲ, ಆದರೆ ಹತ್ತು ದಿನ ಮಂಚದ ಹತ್ತಿರ ಸುಳಿಯಲಿಲ್ಲ. ಹೆದರಿದ ದೊಡ್ಡ ನಾಯಿಯನ್ನು ಎತ್ತಿ ಕೂರಿಸಲು ಯಾರಿಂದಲೂ ಆಗದು; ದಿನವೂ ಸಂಜೆ ಪಕ್ಕದಲ್ಲಿ ಕುಳಿತು, ಬೇಯಿಸಿದ ಕೋಳಿಯ ಚೂರು ಕೊಟ್ಟು ಮತ್ತೆ ಒಲಿಸಬೇಕಾಯಿತು. ಎಲ್ಲ ಬೋಲ್ಟುಗಳಿಗೂ ನೈಲಾನ್ ಲಾಕ್ ನಟ್ ಹಾಕಿದ ಮೇಲೆ ಆ ತೊಂದರೆ ಮರುಕಳಿಸಿಲ್ಲ. ಮಾರುವವರೇ ಅದನ್ನು ಹಾಕಿ ಕಳುಹಿಸಬೇಕಿತ್ತು.

ಕೊಳವೆಗಳ ತುದಿಗಳಿಗೆ ಮುಚ್ಚಳವಿಲ್ಲದಿರುವುದು ಇನ್ನೂ ಗಂಭೀರವಾದ ದೋಷ. ನೀರು ಒಳಹೋಗಿ ತುಕ್ಕು ಹಿಡಿಯುತ್ತದೆ; ಅದಕ್ಕಿಂತ ಮುಖ್ಯವಾಗಿ ಅಲ್ಲಿ ಉಣ್ಣೆಗಳು ಸೇರಿಕೊಳ್ಳುತ್ತವೆ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣೆ ನಾಯಿಯ ಮೈಮೇಲೆ ಮೊಟ್ಟೆಯಿಡುವುದಿಲ್ಲ. ಕೆಳಗೆ ಬಿದ್ದು, ಇಂಥ ಸಂದುಗಳನ್ನೇ ಹುಡುಕಿ, ಒಂದೇ ಸಲಕ್ಕೆ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಎರ್ಲಿಕಿಯಾ, ಬೆಬೇಸಿಯಾದಂತಹ ಉಣ್ಣೆ ಜ್ವರಗಳನ್ನು ಕಂಡವರು ಇದನ್ನು ಸಣ್ಣ ವಿಷಯವೆಂದು ಬಿಡಲಾರರು. ನಾನು ತುದಿಗಳಿಗೆ ರಬ್ಬರ್ ಬಿರಡೆ ಬಡಿದಿದ್ದೇನೆ, ಬಟ್ಟೆಯ ಮಡಿಕೆಗಳನ್ನು ಪ್ರತಿ ಭಾನುವಾರ ಟಾರ್ಚ್ ಹಿಡಿದು ನೋಡುತ್ತೇನೆ.

ಕೊಳ್ಳುವವರು ಅಳತೆಯಲ್ಲಿ ಎಚ್ಚರ ವಹಿಸಬೇಕು. ನಿಂತ ನಾಯಿಯನ್ನು ಅಳೆಯಬಾರದು. ಒಂದು ಪಕ್ಕಕ್ಕೆ ಒರಗಿ ನಾಲ್ಕೂ ಕಾಲು ಚಾಚಿ ಗಾಢ ನಿದ್ದೆಯಲ್ಲಿರುವಾಗ ಅಳೆಯಬೇಕು. ನಾವು ತಂದ ನಾಲ್ಕು ಅಡಿ ಉದ್ದ, ಎರಡೂವರೆ ಅಡಿ ಅಗಲದ ಮಂಚದಲ್ಲಿ ಕಾಳನ ಕಾಲುಗಳು ಹೊರಗೆ ಜೋತುಬೀಳುತ್ತವೆ, ಅಂಚಿನ ಕಬ್ಬಿಣ ಅವನ ತೊಡೆಗೆ ಒತ್ತುತ್ತದೆ. ನವೆಂಬರ್-ಡಿಸೆಂಬರಿನಲ್ಲಿ ಬರುವ ಪುತ್ತರಿ ಸುಗ್ಗಿ ಹಬ್ಬದಿಂದ ಫೆಬ್ರವರಿಯವರೆಗೆ ಅಡಿಯಿಂದ ತಣ್ಣನೆಯ ಗಾಳಿ ಬರುವುದರಿಂದ ಮೇಲೆ ಕಂಬಳಿ ಹಾಸುತ್ತೇವೆ.

ಎರಡನೆಯ ಮಳೆಗಾಲದ ಹೊತ್ತಿಗೆ ಬಟ್ಟೆ ನಡುವಿನಲ್ಲಿ ಜೋಲಿತು. ಇದು ನನ್ನ ದೊಡ್ಡ ದೂರು, ಏಕೆಂದರೆ ಆರು ವರ್ಷವೆಂದರೆ ಇಂಥ ದೇಹದ ನಾಯಿಗೆ ಮುಪ್ಪಿನ ಹೊಸ್ತಿಲು. ಬಿಗಿಯಾದ ಮಂಚದಿಂದ ಅವನು ಸಲೀಸಾಗಿ ಏಳುತ್ತಿದ್ದ. ಜೋಲಿದ ಬಟ್ಟೆಯ ಗುಳಿಯಿಂದ ಏಳುವಾಗ ಹಿಂಗಾಲುಗಳು ನಡುಗುವುದನ್ನು ನೋಡುವುದು ಕಷ್ಟ. ಹೊಸ ಬಟ್ಟೆ ಮಾತ್ರ ಕೊಡಿ ಎಂದು ಕೇಳಿದರೆ ಬಿಡಿಯಾಗಿ ಮಾರುವುದಿಲ್ಲ, ಇಡೀ ಮಂಚವನ್ನೇ ಕೊಳ್ಳಬೇಕು ಎಂಬ ಉತ್ತರ ಬಂದಿತು.

ಮೂವತ್ತು ಕಿಲೋದೊಳಗಿನ ನಾಯಿಯಿರುವ ಮಳೆನಾಡಿನ ಮನೆಗಳಿಗೆ ಇದನ್ನು ಸಂತೋಷದಿಂದ ಶಿಫಾರಸು ಮಾಡುತ್ತೇನೆ. ಕಾಳನಂಥವರಿಗೆ ಈ ಮಾದರಿ ಸರಿ, ಈ ಮಂಚ ಸಾಲದು. ವಿರಾಜಪೇಟೆಯ ವೆಲ್ಡಿಂಗ್ ಅಂಗಡಿಯೊಂದಕ್ಕೆ ಹೋಗಿ ಐದೂವರೆ ಅಡಿ ಉದ್ದ, ಮೂರೂವರೆ ಅಡಿ ಅಗಲ, ಆರು ಕಾಲು, ಮುಚ್ಚಿದ ತುದಿಗಳು, ಬಟ್ಟೆಯನ್ನು ಬೇಕಾದಾಗ ಬಿಗಿಯಲು ಒಂದು ಬದಿಯಲ್ಲಿ ಹಗ್ಗ ಎಂದು ಅಳತೆ ಬರೆದುಕೊಟ್ಟು ಬಂದಿದ್ದೇನೆ. ಕಕ್ಕಡಕ್ಕೆ ಮೊದಲು ಕೊಡುವುದಾಗಿ ಹೇಳಿದ್ದಾರೆ.