ಮಾತ್ರೆ, ಕರೆಂಟು, ಅಬ್ಲೇಷನ್: ನನ್ನ ಎದೆಬಡಿತಕ್ಕೆ ಯಾವುದು ಒಗ್ಗಿತು

ಮೈಸೂರಿಗೆ ಬಂದು ಮೂವತ್ತು ವರ್ಷವಾಯ್ತು, ಹುಟ್ಟಿದ್ದು ಮಂಡ್ಯದ ಕಡೆ ಹಳ್ಳಿಯಲ್ಲಿ. ವಯಸ್ಸು 63, ಬಿಪಿ ಇದೆ. ಐದು ವರ್ಷದ ಹಿಂದೆ ಒಂದು ರಾತ್ರಿ ಎದೆ ಡವಡವ ಅನ್ನತೊಡಗಿತು. ಮಣಿಕಟ್ಟಿನ ಮೇಲೆ ಬೆರಳಿಟ್ಟು ನೋಡಿದೆ. ಎರಡು ಬಡಿತ ಬೇಗ ಬೇಗ, ಆಮೇಲೆ ಖಾಲಿ, ಮತ್ತೆ ಐದಾರು ಒಟ್ಟಿಗೆ. ಎಣಿಸೋಕೇ ಆಗಲಿಲ್ಲ. ಬೆಳಗ್ಗೆ ಇಸಿಜಿ ತೆಗೆಸಿದರೆ ಏಟ್ರಿಯಲ್ ಫಿಬ್ರಿಲೇಷನ್ ಅಂದರು. ಹೃದಯದ ಮೇಲಿನ ಎರಡು ಕೋಣೆಗಳು ಸರಿಯಾಗಿ ಹಿಂಡದೆ ಸುಮ್ನೆ ಅದುರುತ್ತಿರುತ್ತವೆ. ಅಲ್ಲಿ ರಕ್ತ ನಿಂತು ಗಡ್ಡೆ ಕಟ್ಟಬಹುದು, ಅದು ಮೆದುಳಿಗೆ ಹೋದರೆ ಲಕ್ವ.

ಅಲ್ಲಿಂದ ಒಂದೊಂದೇ ಚಿಕಿತ್ಸೆ ನೋಡಿದೆ. ಪ್ರತಿಯೊಂದನ್ನೂ ನಾನು ಅಳೆದದ್ದು ಚಾಮುಂಡಿ ಬೆಟ್ಟದ ಮೆಟ್ಟಿಲಿನಲ್ಲಿ. ಕಾಯಿಲೆಗೆ ಮುಂಚೆ ನಂದಿಯ ತನಕ ಎರಡು ಕಡೆ ಮಾತ್ರ ಕೂತು ಹತ್ತುತ್ತಿದ್ದೆ.

ಮೊದಲು ಮೆಟೊಪ್ರೊಲಾಲ್. ಇದು ಲಯ ಸರಿ ಮಾಡಲ್ಲ, ವೇಗ ತಗ್ಗಿಸುತ್ತೆ ಅಷ್ಟೇ. 130 ಇದ್ದ ಬಡಿತ ಒಂದು ವಾರದಲ್ಲಿ 80ಕ್ಕೆ ಇಳಿಯಿತು. ರಾತ್ರಿ ನಿದ್ದೆ ಬಂತು, ಭಯ ಹೋಯಿತು. ಆದರೆ ಮೆಟ್ಟಿಲು ಹತ್ತುವಾಗ ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಕೈಬೆರಳು ಯಾವಾಗಲೂ ತಣ್ಣಗೆ. ಹಾಗಂತ ಇದನ್ನು ಕಡಿಮೆ ದರ್ಜೆಯ ಚಿಕಿತ್ಸೆ ಅಂದುಕೊಳ್ಳಬೇಡಿ. 4,060 ಜನರ ಮೇಲೆ ನಡೆದ ಅಫರ್ಮ್ ಅನ್ನುವ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಜೀವ ಉಳಿಸುವ ಲೆಕ್ಕದಲ್ಲಿ ಲಯದ ಮಾತ್ರೆಗಳು ವೇಗದ ಮಾತ್ರೆಗಳನ್ನು ಮೀರಿಸಲಿಲ್ಲ. ತೊಂದರೆ ಜಾಸ್ತಿ ಅನ್ನಿಸದವರು ಇದರಲ್ಲೇ ಚೆನ್ನಾಗಿರಬಹುದು. ನನಗೆ ಎಂಟು ತಿಂಗಳಾದರೂ ಸುಸ್ತು ಹೋಗಲಿಲ್ಲ.

ಆಮೇಲೆ ಕರೆಂಟು. ಸ್ವಲ್ಪ ಹೊತ್ತು ಮಂಪರು ಬರಿಸಿ ಎದೆಗೆ ಶಾಕ್ ಕೊಡುತ್ತಾರೆ. ಅದಕ್ಕೆ ಮುಂಚೆ ಮೂರು ವಾರ ರಕ್ತ ತೆಳು ಮಾಡುವ ಮಾತ್ರೆ ತಪ್ಪದೆ ತಗೊಂಡಿರಬೇಕು. ಎಚ್ಚರವಾದಾಗ ಬೆರಳಿಟ್ಟು ನೋಡಿದೆ: ಒಂದು, ಎರಡು, ಮೂರು, ಗಡಿಯಾರದ ಹಾಗೆ. ಕಣ್ಣಲ್ಲಿ ನೀರು ಬಂತು. ಎದೆಯ ಚರ್ಮ ಎರಡು ದಿನ ಉರಿಯಿತು, ಅಷ್ಟೇ. ಏಳು ವಾರಕ್ಕೆ ಮತ್ತೆ ಶುರುವಾಯಿತು.

ಮತ್ತೊಮ್ಮೆ ಶಾಕ್ ಕೊಟ್ಟು, ಲಯ ನಿಲ್ಲಲಿ ಅಂತ ಅಮಿಯೊಡಾರೋನ್ ಬರೆದರು. ಕೆಲಸ ಮಾಡಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ 200 ಮಿಲಿಗ್ರಾಂ ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ನೇ ಇರುತ್ತೆ. ಥೈರಾಯ್ಡ್, ಲಿವರ್, ಶ್ವಾಸಕೋಶ ಎಲ್ಲಾ ನೋಡಿಸಿಕೊಳ್ಳುತ್ತಿರಬೇಕು. ಈ ಮಾತ್ರೆ ತಗೊಂಡರೆ ಚರ್ಮ ಬಿಸಿಲು ತಾಳಲ್ಲ; ಮಹಡಿ ಮೇಲೆ ರಾಗಿ ಹರವೋಕೆ ಹೋದ ಒಂದು ಮಧ್ಯಾಹ್ನಕ್ಕೇ ನನ್ನ ಮುಖ ಕೆಂಪಗೆ ಬೆಂದ ಹಾಗಾಯಿತು. ವರ್ಷ ತುಂಬುವಷ್ಟರಲ್ಲಿ ಥೈರಾಯ್ಡ್ ಮಂದವಾಯಿತು. ಡಾಕ್ಟರ್ ಹೇಳಿ ನಿಲ್ಲಿಸಿದ ಮೇಲೂ ಮಾತ್ರೆ ಮೈಯಿಂದ ಹೋಗೋಕೆ ತಿಂಗಳುಗಟ್ಟಲೆ ಬೇಕು.

ಕೊನೆಗೆ ಅಬ್ಲೇಷನ್. ಶ್ವಾಸಕೋಶದಿಂದ ಹೃದಯಕ್ಕೆ ಬರುವ ರಕ್ತನಾಳಗಳ ಒಳಗೇ ಈ ಕೆಟ್ಟ ಬಡಿತ ಹೆಚ್ಚಾಗಿ ಹುಟ್ಟುತ್ತೆ ಅಂತ 1998ರಲ್ಲಿ ಫ್ರಾನ್ಸಿನ ಬೋರ್ಡೋದ ವೈದ್ಯರು ತೋರಿಸಿಕೊಟ್ಟರು. ತೊಡೆಸಂದಿನ ನಾಳದಿಂದ ತಂತಿ ಕಳಿಸಿ, ಆ ನಾಳಗಳ ಬಾಯಿಯ ಸುತ್ತ ಸುಟ್ಟು ಗೆರೆ ಎಳೆಯುತ್ತಾರೆ. ಆ ಕಡೆಯ ಸಂದೇಶ ಈ ಕಡೆ ದಾಟಲ್ಲ. ಸಹಿ ಹಾಕುವ ಮುಂಚೆ ಡಾಕ್ಟರ್ ಬಿಡಿಸಿ ಹೇಳಿದ್ದರು: "ಅಮ್ಮಾ, ಹೃದಯದ ಸುತ್ತ ರಕ್ತ ಸೋರೋದು, ಲಕ್ವ ಹೊಡೆಯೋದು ಅಪರೂಪ, ಆದ್ರೆ ಇಲ್ಲವೇ ಇಲ್ಲ ಅಂತಲ್ಲ. ಕೆಲವರಿಗೆ ಎರಡನೇ ಸಲ ಮಾಡಬೇಕಾಗುತ್ತೆ." ಕಾಲು ಮಡಿಸದೆ ಆರು ಗಂಟೆ ಮಲಗಿದ್ದೇ ನನಗೆ ಕಷ್ಟವಾಗಿದ್ದು. ಮೊದಲ ಮೂರು ತಿಂಗಳು ಆಗಾಗ ಬಡಿತ ತಪ್ಪುತ್ತಿತ್ತು. ಗಾಯ ಮಾಗುವ ಕಾಲ, ಹೆದರಬೇಡಿ ಅಂತ ಮೊದಲೇ ಹೇಳಿದ್ದರಿಂದ ತಡೆದುಕೊಂಡೆ. ಈಗ ಎರಡು ವರ್ಷ. ಒಂದೇ ಒಂದು ಸಲ, ಮದುವೆಮನೆಯಲ್ಲಿ, ಇಪ್ಪತ್ತು ನಿಮಿಷ ಬಂದು ಹೋಯಿತು. ಈ ಆಷಾಢದಲ್ಲಿ ನಂದಿಯ ತನಕ ಎರಡೇ ಕಡೆ ಕೂತೆ.

ಖರ್ಚು ಮಾತ್ರೆಗಿಂತ ಎಷ್ಟೋ ಪಟ್ಟು. ಆದರೂ ನನ್ನ ಮಟ್ಟಿಗೆ ಇದೇ ಮೇಲು. ಇನ್ನೂ ಬೇಗ ಕೇಳಬೇಕಿತ್ತು ಅನ್ನಿಸುತ್ತೆ. ಕಾಯಿಲೆ ಗೊತ್ತಾದ ಒಂದು ವರ್ಷದೊಳಗೇ ಲಯದ ಚಿಕಿತ್ಸೆ ಶುರು ಮಾಡಿದವರಿಗೆ ಲಾಭ ಜಾಸ್ತಿ ಅಂತ 2020ರ ದೊಡ್ಡ ಅಧ್ಯಯನವೊಂದು ಹೇಳಿತು.

ರಕ್ತ ತೆಳು ಮಾಡುವ ಮಾತ್ರೆಯದು ಬೇರೆಯೇ ಕಥೆ. ಲಯ ಸರಿಹೋಯಿತು ಅಂತ ಅದನ್ನು ಬಿಡುವ ಹಾಗಿಲ್ಲ. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ ಇವೆಲ್ಲ ನೋಡಿ ಡಾಕ್ಟರೇ ತೀರ್ಮಾನಿಸಬೇಕು. ಮೊದಲ ವರ್ಷ ನಾನು ತಗೊಂಡದ್ದು ಅಸಿನೋಕೌಮರಾಲ್. ರಕ್ತ ಹೆಪ್ಪುಗಟ್ಟೋಕೆ ಎಷ್ಟು ತಡವಾಗುತ್ತೆ ಅಂತ ತೋರಿಸುವ ಐಎನ್‌ಆರ್ ಅನ್ನುವ ರಕ್ತಪರೀಕ್ಷೆ 2ರಿಂದ 3ರೊಳಗೆ ಇರಬೇಕು. ಮಳೆಗಾಲದಲ್ಲಿ ಊರಿಂದ ಬೆರಕೆ ಸೊಪ್ಪು ಬಂತು. ವಾರವೆಲ್ಲ ಬಸ್ಸಾರು, ಮಸ್ಸೊಪ್ಪು, ಮುದ್ದೆ. ಐಎನ್‌ಆರ್ 1.4ಕ್ಕೆ ಇಳಿಯಿತು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಮಾತ್ರೆಗೆ ಅಡ್ಡ ಬರುತ್ತೆ. ಗಾಬರಿಯಾಗಿ ಸೊಪ್ಪೇ ಬಿಟ್ಟೆ. ಆಗ 3.8ಕ್ಕೆ ಏರಿ, ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ. ಬಿಡೋದೂ ತಪ್ಪು, ದಿನಾ ಒಂದೇ ಅಳತೆ ತಿನ್ನಬೇಕು ಅಂತ ಆಮೇಲೆ ತಿಳಿಯಿತು. ಈಗ ಅಪಿಕ್ಸಬಾನ್ 5 ಮಿಲಿಗ್ರಾಂ, ದಿನಕ್ಕೆರಡು ಸಲ. ಐಎನ್‌ಆರ್ ಬೇಡ, ಸೊಪ್ಪಿನ ಲೆಕ್ಕ ಬೇಡ. ಬೆಲೆ ಜಾಸ್ತಿ. ಒಂದು ಹೊತ್ತು ಮರೆತರೂ ರಕ್ಷಣೆ ಬೇಗ ಇಳಿದುಹೋಗುತ್ತೆ, ಅದಕ್ಕೇ ಪರ್ಸಿನಲ್ಲಿ ಒಂದು ಮಾತ್ರೆ ಸ್ಟ್ರಿಪ್ ಇಟ್ಟಿರುತ್ತೇನೆ.

ಊರಿನಲ್ಲಿರುವ ಅಕ್ಕನಿಗೂ ಇದೇ ಏರುಪೇರು ಬಡಿತ. ನನ್ನ ಮಾತ್ರೆಯನ್ನೇ ಅವಳಿಗೂ ಬರೆಸೋಣ ಅಂತ ಹೋದರೆ, ಡಾಕ್ಟರ್ ಬೇಡ ಅಂದರು. ಚಿಕ್ಕಂದಿನ ಕೀಲುಜ್ವರದಿಂದ ಅವಳ ಹೃದಯದ ಮೈಟ್ರಲ್ ಕವಾಟ ತುಂಬಾ ಕಿರಿದಾಗಿದೆ. ಅಂಥವರಿಗೆ ಅಸಿನೋಕೌಮರಾಲ್‌ನಂಥ ಹಳೆಯ ಮಾತ್ರೆಯೇ ಆಗಬೇಕು. ತಿಂಗಳಿಗೊಂದು ಸಲ ಮಂಡ್ಯಕ್ಕೆ ಬಂದು ರಕ್ತ ಕೊಟ್ಟು ಹೋಗುತ್ತಾಳೆ. ಅಡುಗೆಮನೆಯಲ್ಲಿ ಅವಳಿಗೇ ಅಂತ ಒಂದು ಸಣ್ಣ ಸ್ಟೀಲ್ ಬಟ್ಟಲು ಇದೆ. ಯಾವ ಸೊಪ್ಪು ಬೇಯಿಸಿದರೂ ಅವಳ ತಟ್ಟೆಗೆ ಆ ಒಂದು ಬಟ್ಟಲೇ.