ಮುಂಬೈಯಲ್ಲಿ ಒಂದು ದಿನ: ದರ್ಶನ ಬಸ್ಸೋ, ಕಾರೋ, ಭಾವನ ಜೊತೆ ಲೋಕಲ್ಲೋ?

ದಾವಣಗೆರೆಯಿಂದ ನಾನು ಮುಂಬೈಗೆ ಮೂರು ಸಲ ಹೋಗಿದ್ದೇನೆ. ಮೂರು ಸಲವೂ ಊರು ನೋಡಲು ಸಿಕ್ಕಿದ್ದು ಒಂದೊಂದೇ ದಿನ. ಮೊದಲ ಸಲ ಅಮ್ಮನ ಜೊತೆ ಮುಂಬೈ ದರ್ಶನದ ಬಸ್ಸು ಹತ್ತಿದೆ. ಎರಡನೇ ಸಲ ಅಂಧೇರಿಯ ಸ್ನೇಹಿತರು ಅವರ ಕಾರಿನಲ್ಲೇ ಸುತ್ತಾಡಿಸಿದರು. ಮೂರನೇ ಸಲ ಡೊಂಬಿವಲಿಯ ಗೆಳತಿ ಮತ್ತು ಅವಳ ಗಂಡನ ಜೊತೆ ಲೋಕಲ್ ರೈಲಿನಲ್ಲಿ ಹೋಗಿ, ಕಾಲ್ನಡಿಗೆಯಲ್ಲಿ ಓಡಾಡಿದೆ. ಗೆಳತಿಯ ಗಂಡನನ್ನು ನಾನು ಭಾವ ಎಂದೇ ಕರೆಯುವುದು. ಯಾರಾದರೂ ಕೇಳಿದರೆ ಮೂರನೆಯದನ್ನೇ ಮಾಡಿ ಎನ್ನುತ್ತೇನೆ. ಆದರೆ ಎಲ್ಲರಿಗೂ ಅದು ಆಗುವುದಿಲ್ಲ.

ಬಸ್ಸಿನ ಒಳ್ಳೆಯದನ್ನು ಮೊದಲು ಹೇಳಬೇಕು. ಅಮ್ಮನಿಗೆ ಎಪ್ಪತ್ತೆರಡು ವರ್ಷ, ಮಂಡಿ ನೋವು. ಅವರನ್ನು ಲೋಕಲ್ ರೈಲಿಗೆ ಹತ್ತಿಸುವುದು ನನ್ನಿಂದ ಆಗದ ಮಾತು. ಬಸ್ಸಿನಲ್ಲಿ ಕೂತಲ್ಲೇ ಗೇಟ್‌ವೇ, ಮರೀನ್ ಡ್ರೈವ್, ಹಾಜಿ ಅಲಿ, ಜುಹು ಎಲ್ಲ ಆಯಿತು. ಮಲಬಾರ್ ಹಿಲ್‌ನ ಕಮಲಾ ನೆಹರು ಪಾರ್ಕಿನಲ್ಲಿ ಬೂಟಿನ ಆಕಾರದ ಮನೆ ನೋಡಿ ಅಮ್ಮ ಮಗುವಿನಂತೆ ನಕ್ಕರು. ಯಾರ ಹಂಗೂ ಇಲ್ಲ, ಯಾರೂ ನಮಗಾಗಿ ರಜೆ ಹಾಕಬೇಕಿಲ್ಲ. ಇದು ಸಣ್ಣ ವಿಷಯ ಅಲ್ಲ.

ಆದರೆ ಅವಸರ ಜಾಸ್ತಿ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣ ಬಂದಾಗ ಬಸ್ಸಿನವರು "ಎಡಗಡೆ ನೋಡಿ" ಎಂದರು. ನಾವು ಬಲಗಡೆ ಕೂತಿದ್ದೆವು. ಯಾರದೋ ತಲೆಗಳ ನಡುವೆ ಒಂದು ಗುಮ್ಮಟ ಕಂಡಿತು, ಅಷ್ಟೇ. ಹ್ಯಾಂಗಿಂಗ್ ಗಾರ್ಡನ್‌ನಲ್ಲಿ ಇಪ್ಪತ್ತು ನಿಮಿಷ ಕೊಟ್ಟರು. ನಾವು ನಡೆಯುತ್ತಿದ್ದ ಹುಲ್ಲಿನ ಕೆಳಗೆ ಊರಿಗೆ ನೀರು ಕೊಡುವ ದೊಡ್ಡ ಟ್ಯಾಂಕ್ ಇದೆ ಎಂದು ಅಲ್ಲಿ ಯಾರೂ ಹೇಳಲಿಲ್ಲ. ಅದು ನನಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ, ಭಾವನ ಬಾಯಿಂದ.

ಕಾರಿನ ದಿನದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಬಾಂದ್ರಾ-ವರ್ಲಿ ಸೀ ಲಿಂಕ್ ಮೇಲೆ ಹೋಗುವಾಗ ಎರಡೂ ಕಡೆ ನೀರು, ಮುಂದೆ ಊರಿನ ದೊಡ್ಡ ಕಟ್ಟಡಗಳು. ಆ ಐದೂವರೆ ಕಿಲೋಮೀಟರ್ ಕಾರಿನಲ್ಲೇ ಚೆಂದ. ಹಳೆಯ ಊರಿನ ಭಾಗವಾದ ಫೋರ್ಟ್ ತಲುಪಿದ ಮೇಲೆ ಪಾರ್ಕಿಂಗ್ ಹುಡುಕುವುದರಲ್ಲೇ ಮುಕ್ಕಾಲು ಗಂಟೆ ಹೋಯಿತು. ಸ್ನೇಹಿತರಿಗೆ ಸುಸ್ತಾಯಿತು, ನನಗೆ ಸಂಕೋಚವಾಯಿತು. ಕೊನೆಗೆ ಮಾಲ್‌ನಲ್ಲಿ ಊಟ ಮಾಡಿ ವಾಪಸ್ ಬಂದೆವು.

ಇನ್ನು ಭಾವನ ದಿನ. ಬೆಳಿಗ್ಗೆ ಆರಕ್ಕೇ ಡೊಂಬಿವಲಿ ಬಿಟ್ಟೆವು. ತಡವಾದರೆ ಕಾಲಿಡಲೂ ಜಾಗ ಇರುವುದಿಲ್ಲ. ಭಾನುವಾರ ಬೇಡ ಎಂದಿದ್ದೂ ಅವರೇ, ಅವತ್ತು ಹಳಿ ಕೆಲಸಕ್ಕೆ ಕೆಲವು ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಇರುತ್ತದೆ. ಒಂದು ದಿನದ ಟೂರಿಸ್ಟ್ ಟಿಕೆಟ್ ತೆಗೆದುಕೊಟ್ಟರು. ಸೆಂಟ್ರಲ್, ವೆಸ್ಟರ್ನ್, ಹಾರ್ಬರ್ ಮೂರೂ ಲೋಕಲ್ ಲೈನುಗಳಿಗೆ ಅದೊಂದೇ ಸಾಕು.

ಬಸ್ಸಿನಿಂದ ಕಾಣದ ಅದೇ ಶಿವಾಜಿ ಟರ್ಮಿನಸ್ಸಿನಲ್ಲಿ ಇಳಿದೆವು. ಸ್ಟೇಷನ್ನಿನಿಂದ ಹೊರಗೆ ಬಂದ ಮೇಲೆ ಭಾವ ರಸ್ತೆಯ ಆಚೆ ನಿಲ್ಲಿಸಿ, "ಈಗ ಹಿಂತಿರುಗಿ ನೋಡಿ" ಎಂದರು. 1888ರ ಹೊತ್ತಿಗೆ ಮುಗಿದ ಕಟ್ಟಡ. ಕಲ್ಲಿನಲ್ಲಿ ಕೆತ್ತಿದ ಎಲೆ, ಹಕ್ಕಿ, ಪ್ರಾಣಿಗಳನ್ನು ನೋಡುತ್ತಾ ನಿಂತವಳಿಗೆ ಸಮಯ ಹೋಗಿದ್ದೇ ಗೊತ್ತಾಗಲಿಲ್ಲ. ಅಲ್ಲಿಂದ ಫೋರ್ಟಿನ ಗಲ್ಲಿಗಳು. ಒಂದು ಮೊಬೈಲ್ ಅಂಗಡಿ ಮುಂದೆ ಭಾವ ನಿಂತುಬಿಟ್ಟರು.

"ಇಲ್ಲಿ ಹೋಟೆಲ್ ಇತ್ತು ಮಾರಾಯ್ರೇ. ಹದಿಮೂರು ವರ್ಷಕ್ಕೆ ಉಡುಪಿಯಿಂದ ಬಂದು ಇಲ್ಲೇ ಲೋಟ ತೊಳೆದದ್ದು. ರಾತ್ರಿ ಟೇಬಲ್ ಸರಿಸಿ ಇಲ್ಲೇ ಮಲಗುವುದು, ಹನ್ನೊಂದು ಜನ."

ಸಂಜೆ ಕೆಲಸ ಮುಗಿಸಿ ಕನ್ನಡದ ರಾತ್ರಿ ಶಾಲೆಗೆ ಹೋಗುತ್ತಿದ್ದರಂತೆ. ಮೆಟ್ರಿಕ್ ಆಯಿತು, ಬ್ಯಾಂಕಿನ ಕೆಲಸ ಸಿಕ್ಕಿತು. ತುಳುನಾಡಿನ ಎಷ್ಟೋ ಹುಡುಗರ ದಾರಿ ಇದೇ ಆಗಿತ್ತು. ಗೆಳತಿ ಸುಮ್ನೆ ನಿಂತಿದ್ದಳು. ಮದುವೆಯಾಗಿ ಮೂವತ್ತು ವರ್ಷವಾದರೂ ಆ ಜಾಗ ಅವಳೂ ಅವತ್ತೇ ನೋಡಿದ್ದು.

ಓವಲ್ ಮೈದಾನದ ನಡುವೆ ನಿಂತರೆ ಒಂದು ಕಡೆ ಹೈಕೋರ್ಟು, ರಾಜಾಬಾಯಿ ಗಡಿಯಾರ ಗೋಪುರ. ಇನ್ನೊಂದು ಕಡೆ ದುಂಡು ಬಾಲ್ಕನಿಗಳ, ಆರ್ಟ್ ಡೆಕೊ ಎಂಬ ಶೈಲಿಯ ಮನೆಗಳು. ಹಿಂದೆ ಆ ಕಡೆ ಸಮುದ್ರ ಇತ್ತಂತೆ. ಗೋಪುರದ ಸಾಲು ಕಟ್ಟಿದಾಗ ಅದು ಸಮುದ್ರಕ್ಕೇ ಮುಖ ಮಾಡಿತ್ತು. ಆಮೇಲೆ ನೀರಿಗೆ ಮಣ್ಣು ತುಂಬಿ ಆ ಮನೆಗಳು ಎದ್ದವು. 2018ರಲ್ಲಿ ಎರಡೂ ಸಾಲುಗಳು ಒಟ್ಟಿಗೇ ಯುನೆಸ್ಕೋ ಪಟ್ಟಿಗೆ ಸೇರಿದವು. ಇದೇ ಮೈದಾನದ ಪಕ್ಕ ಬಸ್ಸಿನಲ್ಲೂ ಹೋಗಿದ್ದೆ, ಅಲ್ವಾ? ನೆನಪೇ ಇಲ್ಲ.

ಹನ್ನೊಂದೂವರೆಗೆ ಚರ್ಚ್‌ಗೇಟ್‌ನಲ್ಲಿ ಮನೆಯೂಟವನ್ನು ಆಫೀಸುಗಳಿಗೆ ತಲುಪಿಸುವ ಡಬ್ಬಾವಾಲಾಗಳು ಊಟದ ಡಬ್ಬಿ ಇಳಿಸಿ ವಿಂಗಡಿಸುವುದನ್ನು ನೋಡಿದೆವು. ಆಮೇಲೆ ಸ್ಲೋ ಲೋಕಲ್‌ನಲ್ಲಿ ಮಾಟುಂಗಾ ರೋಡ್ ಸ್ಟೇಷನ್‌ಗೆ. "ದಾದರ್ ಬಿಟ್ಟ ಕೂಡಲೇ ಬಾಗಿಲ ಹತ್ತಿರ ಬನ್ನಿ" ಎಂದು ಭಾವ ಮೊದಲೇ ಹೇಳಿದ್ದರು. ಊಟ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ. ಬಾಳೆ ಎಲೆ, ಬಿಸಿ ಸಾರು. ಅಷ್ಟು ನಡೆದ ಹೊಟ್ಟೆಗೆ ಇನ್ನೇನು ಬೇಕು?

ಸಂಜೆ ಮತ್ತೆ ಮಲಬಾರ್ ಹಿಲ್. ಈ ಸಲ ಬಾಣಗಂಗಾಕ್ಕೆ. ಬಸ್ಸಿನವರು ತೋರಿಸಿದ ತೋಟ ಇರುವ ಗುಡ್ಡವೇ ಇದು, ಆದರೆ ಇಲ್ಲಿಗೆ ಕರೆತಂದಿರಲಿಲ್ಲ. ಸುತ್ತ ಮೆಟ್ಟಿಲು, ಗುಡಿಗಳು, ನಡುವೆ ಹಸಿರು ನೀರಿನ ಕಲ್ಯಾಣಿ. ಸಮುದ್ರ ಕೂಗಳತೆ ದೂರ, ಆದರೂ ಒಳಗಿನ ಒರತೆಯಿಂದ ಬರುವುದು ಸಿಹಿನೀರು. ಇದನ್ನು 1715ರಲ್ಲಿ ಮತ್ತೆ ಕಟ್ಟಿಸಿದ್ದು ರಾಮ ಕಾಮತ್ ಎಂಬ ಸಾರಸ್ವತ ವ್ಯಾಪಾರಿ. ಬಾತುಕೋಳಿಗಳನ್ನು ನೋಡುತ್ತಾ ಮೆಟ್ಟಿಲ ಮೇಲೆ ಒಂದು ಗಂಟೆ ಕೂತೆವು. ಯಾರೂ ಶಿಳ್ಳೆ ಹಾಕಿ ಕರೆಯಲಿಲ್ಲ.

ಈ ದಿನಕ್ಕೂ ಕೊರತೆ ಇತ್ತು. ಹತ್ತು ಕಿಲೋಮೀಟರಾದರೂ ನಡೆದಿರಬೇಕು, ಅಮ್ಮ ಇದ್ದಿದ್ದರೆ ಆಗುತ್ತಿರಲಿಲ್ಲ. ಭಾವನಿಗೆ ಹಾಜಿ ಅಲಿ, ಜುಹು ನೆನಪಿಗೇ ಬರಲಿಲ್ಲ. ಹತ್ತಿರ ಇದ್ದವರಿಗೆ ಹಾಗೇ ಆಗುತ್ತದೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಬಸ್ಸೇ ಸರಿ. ಸೀಟು ಮಾತ್ರ ಕಿಟಕಿ ಪಕ್ಕದ್ದೇ ಕೇಳಿ.

ವಾಪಸ್ ಬರುವಾಗ ಲೇಡೀಸ್ ಡಬ್ಬಿಯಲ್ಲಿ ಒಬ್ಬರು ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಗೆಳತಿಯೂ ಒಂದು ಕಟ್ಟು ತೆಗೆದುಕೊಂಡು ಕೈ ಜೋಡಿಸಿದಳು. ಎಲಿಫೆಂಟಾ ಗುಹೆ ಹೇಗಿದೆ ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ಇಬ್ಬರೂ ಒಂದು ಸಲವೂ ಹೋಗಿಲ್ಲವಂತೆ! ಗೇಟ್‌ವೇಯಿಂದ ದೋಣಿಯಲ್ಲಿ ಒಂದು ಗಂಟೆ, ಅಷ್ಟೇ. ಡಿಸೆಂಬರ್‌ನಲ್ಲಿ ನಾನೇ ಇವರನ್ನು ಕರೆದುಕೊಂಡು ಹೋಗುತ್ತೇನೆ. ಸೋಮವಾರ ಗುಹೆಗೆ ರಜೆ, ಮಂಗಳವಾರಕ್ಕೆ ಹೇಳಿಟ್ಟಿದ್ದೇನೆ.