ದುಡ್ಡು ಕೊಟ್ಟ ಕ್ವಿಜ್ ಆಪ್, ಎಚ್‌5ಪಿ, ಗೂಗಲ್ ಫಾರ್ಮ್ಸ್: ನನ್ನ ಮಕ್ಕಳಿಗೆ ಯಾವುದು ಹೊಂದಿತು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನೆಟ್‌ನಲ್ಲೇ ಪ್ರಶ್ನೆ ಹಾಕಿ ಉತ್ತರ ತರಿಸಿಕೊಳ್ಳುವ ಗೂಗಲ್ ಫಾರ್ಮ್ಸ್‌ಗೆ. ವರ್ಷಕ್ಕೆ 3,600 ರೂಪಾಯಿ ಕಟ್ಟಿ ಒಂದು ಕ್ವಿಜ್ ಆಪ್ ತೆಗೆದುಕೊಂಡೆ. ಐದು ತಿಂಗಳು ಅದರ ಜೊತೆ ಗುದ್ದಾಡಿದೆ. ಕೊನೆಗೆ ಪುಕ್ಕಟೆ ಸಿಗುವ ಫಾರ್ಮ್ಸ್‌ಗೇ ವಾಪಸ್ ಬಂದೆ.

ನಾನು ಎಸ್ಸೆಸ್ಸೆಲ್ಸಿ ಕನ್ನಡ ಮಾಧ್ಯಮದ ಮಕ್ಕಳಿಗೆ ಸಂಜೆ ಆನ್‌ಲೈನ್‌ನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಒಟ್ಟು 34 ಮಕ್ಕಳು. ಹೆಚ್ಚಿನವರ ಕೈಯಲ್ಲಿರುವುದು ಅಪ್ಪನ ಫೋನು, ಅದೂ ಅಪ್ಪ ಕೆಲಸದಿಂದ ಬಂದಮೇಲೆ. ಪ್ರತಿ ಪಾಠ ಮುಗಿದಮೇಲೆ ಹತ್ತು ಪ್ರಶ್ನೆಯ ಕ್ವಿಜ್ ಇಡಬೇಕು ಅನ್ನುವುದು ನನ್ನ ಹಟ. ಅಂಕಕ್ಕಾಗಿ ಅಲ್ಲ, ನೆನಪಿಗಾಗಿ. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಓದಿ ಐದು ನಿಮಿಷಕ್ಕೇ ಕೇಳಿದರೆ, ಅದೇ ಪಾಠವನ್ನು ಇನ್ನೊಂದು ಸಲ ಓದಿದವರು ಮುಂದಿದ್ದರು. ವಾರ ಬಿಟ್ಟು ಕೇಳಿದಾಗ, ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡು ಬರೆದವರು ಮುಂದಿದ್ದರು. ನನಗೆ ಬೇಕಾದದ್ದು ಆ ವಾರದ ನಂತರದ ನೆನಪು. ಹಾಗಾಗಿ ಬರೀ ನಾಲ್ಕರಲ್ಲಿ ಒಂದನ್ನು ಒತ್ತುವ ಪ್ರಶ್ನೆ ಸಾಲದು, ಮಕ್ಕಳು ಉತ್ತರವನ್ನು ಟೈಪ್ ಮಾಡುವ ಪ್ರಶ್ನೆಯೂ ಬೇಕು.

ಎಡವಿದ್ದೂ ಅಲ್ಲೇ.

ದುಡ್ಡು ಕೊಟ್ಟ ಆಪ್ ನೋಡೋಕೆ ಬಹಳ ಚೆನ್ನಾಗಿತ್ತು. ಬಣ್ಣ, ಸದ್ದು, ಸರಿ ಉತ್ತರ ಕೊಟ್ಟರೆ ಪರದೆ ತುಂಬಾ ನಕ್ಷತ್ರ. ಮಕ್ಕಳಿಗೂ ಖುಷಿ. ಮೂರನೇ ಕ್ವಿಜ್‌ನಲ್ಲಿ ಒಂದು ಪ್ರಶ್ನೆ ಹೀಗಿತ್ತು: ನೆಫ್ರಾನ್‌ಗಳು ಇರುವುದು ಯಾವ ಅಂಗದಲ್ಲಿ? ಉತ್ತರ ಮೂತ್ರಪಿಂಡ. ಆ ರಾತ್ರಿ ಒಬ್ಬಳು ಹುಡುಗಿ ವಾಟ್ಸಾಪ್‌ನಲ್ಲಿ ಸ್ಕ್ರೀನ್‌ಶಾಟ್ ಕಳಿಸಿದಳು. ಮೇಲೆ ಅವಳು ಬರೆದ ಉತ್ತರ, ಮೂತ್ರಪಿಂಡ, ಪಕ್ಕದಲ್ಲಿ ಕೆಂಪು ಗುರುತು. ಕೆಳಗೆ ಹಸಿರಿನಲ್ಲಿ ಸರಿಯುತ್ತರ, ಅದೂ ಮೂತ್ರಪಿ೦ಡ. ‘ಮಿಸ್, ಎರಡೂ ಒಂದೇ ಅಲ್ವಾ?’ ಅಂತ ಕೇಳಿದ್ದಳು. ನನ್ನ ಕಣ್ಣಿಗೂ ಎರಡೂ ಒಂದೇ.

ಕೊನೆಯಲ್ಲಿ ಏನಾದರೂ ಖಾಲಿ ಜಾಗ ಸೇರಿಕೊಂಡಿರಬೇಕು ಅಂದುಕೊಂಡೆ. ಅದೂ ಇರಲಿಲ್ಲ. ಆಮೇಲೆ ಎರಡು ಉತ್ತರವನ್ನೂ ಒಂದು ಫೈಲಿಗೆ ಹಾಕಿ, ನನ್ನ ಉತ್ತರವನ್ನು ಕಾಪಿ ಮಾಡಿ ಹುಡುಕಿದೆ. ಅವಳದ್ದು ಸಿಗಲಿಲ್ಲ. ಒಂದೊಂದೇ ಅಕ್ಷರ ಹುಡುಕುತ್ತಾ ಹೋದಾಗ ಸಿಕ್ಕಿಬಿದ್ದದ್ದು ಸೊನ್ನೆ. ನನ್ನ ಪ್ರಶ್ನೆಗಳೆಲ್ಲ ಹಿಂದೆ ಡಿಟಿಪಿ ಮಾಡಿಸಿದ ಹಳೆಯ ಪ್ರಶ್ನೆಪತ್ರಿಕೆಗಳಿಂದ ಯೂನಿಕೋಡಿಗೆ, ಅಂದರೆ ಈಗ ಫೋನು, ಕಂಪ್ಯೂಟರು ಎಲ್ಲ ಬಳಸುವ ಅಕ್ಷರ ಸಂಕೇತಕ್ಕೆ, ಬಂದವು. ಅವುಗಳಲ್ಲಿ ಎಷ್ಟೋ ಕಡೆ ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಕೂತಿತ್ತು. ನಮಗೆ ಎರಡೂ ದುಂಡಗೆ, ಎರಡೂ ಸೊನ್ನೆ. ಕಂಪ್ಯೂಟರಿಗೆ ಒಂದು ಅಕ್ಷರ ಚಿಹ್ನೆ, ಇನ್ನೊಂದು ಅಂಕಿ, ಎರಡಕ್ಕೂ ಬೇರೆ ಬೇರೆ ಸಂಕೇತ. ಫೋನಿನಲ್ಲಿ ಸರಿಯಾಗಿ ಟೈಪ್ ಮಾಡಿದ ಮಗುವಿಗೆ ತಪ್ಪು ಬಿತ್ತು, ಏಕೆಂದರೆ ಆಪ್‌ಗೆ ನಾನು ಕೊಟ್ಟಿದ್ದ ಸರಿಯುತ್ತರ, ಅಂದರೆ ಉತ್ತರದ ಕೀಲಿಯೇ ತಪ್ಪಾಗಿತ್ತು.

ಕೀಲಿ ತಪ್ಪಿದ್ದು ನನ್ನ ಕಡೆಯಿಂದ, ಒಪ್ಪುತ್ತೇನೆ. ಅದನ್ನು ತಿದ್ದೋಣ ಅಂತ ಹೋದರೆ ಆ ಆಪ್ ಬಿಡಲಿಲ್ಲ. ಒಂದು ಪ್ರಶ್ನೆಗೆ ಒಂದೇ ಉತ್ತರ. ಒಮ್ಮೆ ಕ್ವಿಜ್ ಹೊರಬಿಟ್ಟಮೇಲೆ ಕೀಲಿ ಬದಲಿಸಿದರೆ ಅಲ್ಲಿಯವರೆಗೆ ಬರೆದವರ ಉತ್ತರಗಳೆಲ್ಲ ಅಳಿಸಿಹೋಗುತ್ತವೆ. ಇಬ್ಬರು ‘ಮೂತ್ರಜನಕಾಂಗ’ ಅಂತ ಬರೆದಿದ್ದರು, ಒಬ್ಬ ‘ಕಿಡ್ನಿ’ ಅಂದಿದ್ದ, ನಾಲ್ಕೈದು ಮಕ್ಕಳು ‘ಮೂತ್ರಪಿಂಡಗಳು’ ಅಂತ ಬಹುವಚನ ಹಾಕಿದ್ದರು. ಎಲ್ಲವೂ ಸರಿ. ಎಲ್ಲಕ್ಕೂ ಕೆಂಪು ಗುರುತು. ಮೇಲ್ ಬರೆದು ಕೇಳಿದರೆ, ಆಯ್ಕೆಯ ಪ್ರಶ್ನೆ ಬಳಸಿ ಅಂತ ಉತ್ತರ ಬಂತು. ಆ ವಾರ ಮೂವರು ಮಕ್ಕಳು ಕ್ವಿಜ್ ತೆರೆಯಲೇ ಇಲ್ಲ. ಸರಿಯಾಗಿ ಬರೆದರೂ ತಪ್ಪು ಅನ್ನುತ್ತದೆ, ಸುಮ್ನೆ ಯಾಕೆ ಬರೆಯಬೇಕು ಅಂದರು. ನನಗೆ ಕೋಪಕ್ಕಿಂತ ಸಂಕಟವೇ ಜಾಸ್ತಿ ಆಯಿತು. ಕಲಿತದ್ದು ಸರಿಯಿದೆ ಅಂತ ಗೊತ್ತಾಗಬೇಕಾದ ಜಾಗದಲ್ಲೇ ಮಗುವಿಗೆ ತನ್ನ ಮೇಲೆ ಅನುಮಾನ ಬಂದರೆ ಹೇಗೆ?

ಫಾರ್ಮ್ಸ್‌ನಲ್ಲಿ ಒಂದು ಪ್ರಶ್ನೆಗೆ ಎಷ್ಟು ಸರಿಯುತ್ತರ ಬೇಕಾದರೂ ಸೇರಿಸಬಹುದು. ಮೂತ್ರಪಿಂಡ, ಮೂತ್ರಪಿಂಡಗಳು, ಮೂತ್ರಜನಕಾಂಗ, ಕಿಡ್ನಿ, ಎಲ್ಲ ಹಾಕಿದೆ. ಅದಕ್ಕಿಂತ ಉಪಯೋಗಕ್ಕೆ ಬಂದದ್ದು ಇನ್ನೊಂದು. ಬಂದ ಉತ್ತರಗಳನ್ನು ಪ್ರಶ್ನೆವಾರು ತೆರೆದರೆ, ಒಂದೇ ಉತ್ತರ ಬರೆದವರೆಲ್ಲ ಒಂದು ಗುಂಪಾಗಿ ಕಾಣುತ್ತಾರೆ. ನಾನು ಯೋಚಿಸದೇ ಇದ್ದ ಸರಿಯುತ್ತರ ಕಂಡರೆ ಆ ಗುಂಪಿಗೇ ಸರಿ ಅಂತ ಗುರುತು ಹಾಕಬಹುದು. ಅಂಕವನ್ನು ತಕ್ಷಣ ತೋರಿಸದೆ, ನಾನು ನೋಡಿದಮೇಲೆ ಬಿಡುವ ಹಾಗೆಯೂ ಇಡಬಹುದು. ಹಾಗೆ ಮಾಡಿದರೆ ಇಮೇಲ್ ವಿಳಾಸ ಕೇಳುತ್ತದೆ, ಅಂಕ ಅಪ್ಪನ ಜಿಮೇಲಿಗೆ ಹೋಗುತ್ತದೆ. ಆದ್ದರಿಂದ ಮೊದಲ ಪ್ರಶ್ನೆಯೇ ‘ನಿನ್ನ ಹೆಸರು’. ಒಬ್ಬರಿಗೆ ಒಂದೇ ಸಲ ಅನ್ನುವ ಮಿತಿಯನ್ನು ಹಾಕಬೇಡಿ. ಒಂದೇ ಫೋನಿನಲ್ಲಿ ಅವಳಿ ಮಕ್ಕಳು ಬರೆಯುವ ಮನೆ ನನ್ನ ಗುಂಪಿನಲ್ಲೇ ಇದೆ.

ಎಚ್‌5ಪಿ ಬಗ್ಗೆ ನನಗೆ ತುಂಬಾ ಗೌರವ ಇದೆ. ಕ್ವಿಜ್‌ನಂಥ ಚಟುವಟಿಕೆಗಳನ್ನು ಮಾಡಿಕೊಳ್ಳಲು ನಾರ್ವೆಯಲ್ಲಿ ಹುಟ್ಟಿದ ಓಪನ್ ಸೋರ್ಸ್ ಸಾಧನ. ಲೂಮಿ ಅನ್ನುವ ಉಚಿತ ತಂತ್ರಾಂಶದಲ್ಲಿ ಕ್ವಿಜ್ ಮಾಡಿ ಒಂದೇ ಎಚ್‌ಟಿಎಂಎಲ್ ಫೈಲಾಗಿ ತೆಗೆದರೆ ವಾಟ್ಸಾಪ್‌ನಲ್ಲೇ ಕಳಿಸಬಹುದು, ನೆಟ್ ಇಲ್ಲದಿದ್ದರೂ ಬ್ರೌಸರ್‌ನಲ್ಲಿ ತೆರೆಯುತ್ತದೆ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಲ್ಲಿ ಓರೆಗೆರೆ ಹಾಕಿ ಬೇರೆ ಬೇರೆ ಸರಿಯುತ್ತರ ಕೊಡಬಹುದು, ಸಣ್ಣ ಕಾಗುಣಿತ ತಪ್ಪನ್ನು ಮನ್ನಿಸುವ ಹಾಗೂ ಇಡಬಹುದು. ಪ್ರತಿ ಆಯ್ಕೆಗೂ ಬೇರೆ ಬೇರೆ ಪ್ರತಿಕ್ರಿಯೆ ಬರೆಯಬಹುದು, ಮಗು ಉತ್ತರ ಆರಿಸಿ ‘ಚೆಕ್’ ಒತ್ತಿದ ಕೂಡಲೇ ಅದು ಕಾಣುತ್ತದೆ. ಆದರೆ ಹಾಗೆ ಕಳಿಸಿದ ಫೈಲಿನಿಂದ ಯಾರು ಎಷ್ಟು ಬರೆದರು ಅನ್ನುವುದು ನನಗೆ ವಾಪಸ್ ಬರುವುದಿಲ್ಲ. ಅದಕ್ಕೆ ಮೂಡಲ್‌ನಂಥ ಆನ್‌ಲೈನ್ ತರಗತಿ ನಡೆಸುವ ವ್ಯವಸ್ಥೆ ಬೇಕು. ಕಾಲೇಜಿನಲ್ಲಿ ಸರ್ವರ್ ಇರುವವರು ಕಣ್ಣು ಮುಚ್ಚಿಕೊಂಡು ಮೂಡಲ್ ಜೊತೆ ಎಚ್‌5ಪಿ ಹಿಡಿಯಿರಿ. ನನಗೆ ಸರ್ವರ್ ನೋಡಿಕೊಳ್ಳುವ ಪುರುಸೊತ್ತೂ ಇಲ್ಲ, ದುಡ್ಡೂ ಇಲ್ಲ.

ಕಹೂಟ್ ತರಹದ ಲೈವ್ ಕ್ವಿಜ್ ಆಟ ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಕೂತಾಗ ಚೆಂದ. ಬೇಗ ಒತ್ತಿದವರಿಗೆ ಜಾಸ್ತಿ ಅಂಕ ಬರುತ್ತದೆ, ಅಂದರೆ ನಮ್ಮಲ್ಲಿ ಗೆಲ್ಲುವುದು ಟವರ್ ಹತ್ತಿರ ಮನೆ ಇರುವವರು.

ಎಚ್‌5ಪಿಯ ಆಯ್ಕೆವಾರು ಪ್ರತಿಕ್ರಿಯೆ ನನಗೆ ಫಾರ್ಮ್ಸ್‌ನಲ್ಲೂ ಬೇಕಿತ್ತು. ಅಲ್ಲಿ ಇರುವುದು ಸರಿಯಾದರೆ ಒಂದು ಮಾತು, ತಪ್ಪಾದರೆ ಒಂದು ಮಾತು, ಅದೂ ಸಬ್ಮಿಟ್ ಒತ್ತಿದಮೇಲೆ. ಫಾರ್ಮನ್ನು ಪುಟಗಳ ಹಾಗೆ ವಿಭಾಗಗಳಾಗಿ ಒಡೆದು, ಒತ್ತಿದ ಆಯ್ಕೆಗೆ ತಕ್ಕ ವಿಭಾಗಕ್ಕೆ ಕಳಿಸಬಹುದು. ನಾನು ಅದನ್ನು ಬಳಸಿ ದಾರಿ ಮಾಡಿಕೊಂಡೆ. ಒಂದು ಪ್ರಶ್ನೆ ನೋಡಿ. 6 ಓಮ್‌ನ ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ ಎಷ್ಟು? ಸರಿಯುತ್ತರ 3. ತಪ್ಪು ಆಯ್ಕೆಗೆ ಮೊದಲೆಲ್ಲ ಬಾಯಿಗೆ ಬಂದ ಸಂಖ್ಯೆ ಹಾಕುತ್ತಿದ್ದೆ. ಈಗ ಮಕ್ಕಳ ನೋಟ್‌ಬುಕ್ ನೋಡಿ ಹಾಕುತ್ತೇನೆ. 12 ಅಂದವರು ಸರಣಿ ಜೋಡಣೆ ಅಂದುಕೊಂಡು ಕೂಡಿದ್ದಾರೆ. 1/3 ಅಂದವರು ಲೆಕ್ಕ ಸರಿಯಾಗಿ ಮಾಡಿ ಕೊನೆಗೆ ತಲೆಕೆಳಗು ಮಾಡುವುದನ್ನು ಮರೆತಿದ್ದಾರೆ. ಇಬ್ಬರಿಗೂ ‘ತಪ್ಪು’ ಅಂತ ಒಂದೇ ಮಾತು ಹೇಳಿದರೆ ಏನು ಪ್ರಯೋಜನ? 1/3 ಒತ್ತಿದ ಮಗು ಬೇರೆ ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ‘1/6 ಮತ್ತು 1/6 ಕೂಡಿದ್ದು ಸರಿ, ಆದರೆ ಸಿಕ್ಕಿದ್ದು ಒಟ್ಟು ರೋಧದ ವಿಲೋಮ, ಈಗ ತಿರುಗಿಸು’ ಅಂತ ಬರೆದಿದ್ದೇನೆ. ಕೆಳಗೆ 10 ಓಮ್‌ನ ಎರಡು ರೋಧಕಗಳ ಪ್ರಶ್ನೆ, ಅಂಕ ಇಲ್ಲದ್ದು. ಅದು ಮುಗಿದಮೇಲೆ ಮುಂದಿನ ಪ್ರಶ್ನೆಗೆ ಹೋಗುತ್ತದೆ. ಹೀಗೆ ಕವಲು ಹಾಕುವುದಕ್ಕೆ ಸಮಯ ಹಿಡಿಯುತ್ತದೆ, ಅದಕ್ಕೇ ಒಂದು ಕ್ವಿಜ್‌ನಲ್ಲಿ ಎರಡೇ ಪ್ರಶ್ನೆಗೆ ಮಾಡುತ್ತೇನೆ.

ಆಯ್ಕೆಗಳನ್ನು ಕಲಸಿ ತೋರಿಸುವ ಹಾಗೆ ಇಟ್ಟರೆ ‘ಮೇಲಿನ ಎಲ್ಲವೂ’ ಅನ್ನುವ ಆಯ್ಕೆಯನ್ನು ಬಿಟ್ಟುಬಿಡಿ, ಅದೇ ಎಲ್ಲಕ್ಕಿಂತ ಮೇಲೆ ಬಂದು ಕೂರಬಹುದು.

ಈಗ ನನ್ನ ಪದ್ಧತಿ ಹೀಗಿದೆ. ಪ್ರತಿ ಪಾಠಕ್ಕೆ ಹತ್ತು ಪ್ರಶ್ನೆ, ಅದರಲ್ಲಿ ಮೂರು ಟೈಪ್ ಮಾಡುವಂಥವು. ಲಿಂಕ್ ಕಳಿಸುವ ಹಿಂದಿನ ರಾತ್ರಿ ನಾನೇ ಫೋನ್ ಹಿಡಿದು ಮಗುವಿನ ಹಾಗೆ ಒಂದೊಂದೇ ಅಕ್ಷರ ಟೈಪ್ ಮಾಡಿ ಕ್ವಿಜ್ ಬರೆಯುತ್ತೇನೆ, ಕಾಪಿ ಪೇಸ್ಟ್ ಇಲ್ಲ. ಹೋದ ವಾರ ‘ಪರಾಗಸ್ಪರ್ಶ’ಕ್ಕೆ ಕೆಂಪು ಬಿತ್ತು. ನೋಡಿದರೆ ಕೀಲಿಯ ಕೊನೆಯಲ್ಲಿ ಒಂದು ಚುಕ್ಕೆ ಉಳಿದಿತ್ತು. ಹತ್ತು ನಿಮಿಷ ಹೋಯಿತು, ಅಷ್ಟೇ. ಬೆಳಿಗ್ಗೆ 34 ಮಕ್ಕಳಿಗೆ ಲಿಂಕ್ ಹೋಯಿತು, ರಾತ್ರಿ ಒಂದು ಸ್ಕ್ರೀನ್‌ಶಾಟೂ ಬರಲಿಲ್ಲ.